ಸಿಂಹವಿಲ್ಲದ ಹದಿನೇಳು ಪುಸ್ತಕಗಳು

ತಪ್ಪು ನನ್ನದೇ. ಅದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೆಮ್ಮೆಯಿಂದ ಹೇಳಿಕೊಳ್ಳಲು ನನಗೆ ಸಂಕೋಚವಿರುವುದಿಲ್ಲ.

ತೊಂಬತ್ತರ ದಶಕದ ಕೊನೆಗೆ ನಾನು ಸಕಲೇಶಪುರದಲ್ಲಿ ಕಾಫಿ ಬೆಳೆಗಾರರ ಒಂದು ಸಂಘದ ಲೈಬ್ರರಿ ನೋಡಿಕೊಳ್ಳುತ್ತಿದ್ದೆ. ಆಲೂರಿನಿಂದ ಬೆಳಗಿನ ಬಸ್ಸಿಗೆ ಬರುವುದು, ಸಂಜೆಯ ಬಸ್ಸಿಗೆ ಹಿಂದಿರುಗುವುದು. ಒಂದು ಕೋಣೆ, ಐದು ಕಪಾಟು. ಕಪಾಟುಗಳ ನೆತ್ತಿಯ ಮೇಲೆ ಯಾವ ಕಾಲದ ಬಿಳಿ ಮ್ಯಾನೇಜರನೋ ಬರೆಸಿದ ಹೆಸರುಗಳು: ಕಾಫಿ ಕೃಷಿ, ಡಿಟೆಕ್ಟಿವ್, ಯುದ್ಧ, ಪ್ರಣಯ, ಶಿಕಾರಿ. ಕಾದಂಬರಿ ಎಂಬ ಕಪಾಟೇ ಇರಲಿಲ್ಲ. ಮನುಷ್ಯರು ಪ್ರೇಮಿಸದೆ, ಕೊಲೆ ಮಾಡದೆ, ಯುದ್ಧಕ್ಕೂ ಹೋಗದೆ ಸುಮ್ಮನೆ ಬದುಕಿದರೆ ಅವರನ್ನು ಎಲ್ಲಿಡಬೇಕೆಂದು ಆ ಸಾಹೇಬ ಹೇಳಿ ಹೋಗಿರಲಿಲ್ಲ.

ಓದುಗರು ಲೈಬ್ರರಿಗೆ ಬರುವ ಪದ್ಧತಿಯೂ ಅಷ್ಟಾಗಿ ಇರಲಿಲ್ಲ. ಸಂತೆಯ ದಿನ ಎಸ್ಟೇಟುಗಳಿಂದ ಜೀಪು ಬರುತ್ತಿತ್ತು. ಗೊಬ್ಬರ, ಅಕ್ಕಿ, ಸೀಮೆಎಣ್ಣೆಯ ಜೊತೆಗೆ ನನ್ನ ಮೇಜಿಗೂ ಒಂದು ಬಟ್ಟೆಯ ಚೀಲ. ಒಳಗೆ ಓದಿ ಮುಗಿಸಿದ ಪುಸ್ತಕಗಳು, ಮೇಲೊಂದು ಚೀಟಿ: 'ಎರಡು ಡಿಟೆಕ್ಟಿವ್, ಎರಡು ಶಿಕಾರಿ ಕಳಿಸಿ.' ಯಾವ ಪುಸ್ತಕ ಎಂದು ಯಾರೂ ಬರೆಯುತ್ತಿರಲಿಲ್ಲ. ಆಯಾ ಕಪಾಟಿನಿಂದ ನಾನು ತೆಗೆದು, ಹಿಂಬದಿಯ ಡೇಟ್ ಸ್ಲಿಪ್ಪಿಗೆ ತಾರೀಕಿನ ಸೀಲು ಒತ್ತಿ, ಚೀಲ ತುಂಬಿ ಕಳಿಸುತ್ತಿದ್ದೆ. ಅಂಗಡಿಯವರು ಬೇಳೆ ಕಟ್ಟಿ ಕೊಡುವುದಕ್ಕೂ ನನ್ನ ಕೆಲಸಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ.

ಆ ವರ್ಷ ಕಾಫಿ ಹೂ ಉದುರುವ ಹೊತ್ತಿಗೆ ಒಂದು ರಟ್ಟಿನ ಪೆಟ್ಟಿಗೆ ಬಂತು. ಊರಿನ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಮೇಡಂ ಒಬ್ಬರಿಗೆ ವರ್ಗವಾಗಿತ್ತು. ಹೋಗುವ ಮುನ್ನ ಹದಿನೇಳು ಪುಸ್ತಕಗಳನ್ನು ನಮ್ಮ ಲೈಬ್ರರಿಗೆ ಕೊಟ್ಟಿದ್ದರು. ಎಲ್ಲವೂ ಇಂಗ್ಲಿಷಿನವು, ಹೊಸವು, ಇನ್ನೂ ಅಂಟಿನ ವಾಸನೆ ಹೋಗದವು.

ನಮ್ಮಲ್ಲಿ ಹೊಸ ಪುಸ್ತಕ ಬಂದರೆ ಮೊದಲ ಕೆಲಸ ಬೂಷ್ಟಿನಿಂದ ಅದನ್ನು ಕಾಪಾಡುವುದು. ಮಳೆಗಾಲದಲ್ಲಿ ಈ ಕಡೆ ಚಪ್ಪಲಿಗೂ ಬೂಷ್ಟು ಬರುತ್ತದೆ, ಇನ್ನು ಕಾಗದ ಬಿಟ್ಟೀತೇ? ರಿಜಿಸ್ಟರಿನಲ್ಲಿ ನಂಬರು ಹಾಕಿ, ಕದ್ದರೂ ಗುರುತು ಸಿಗಲೆಂದು ಇಪ್ಪತ್ತೇಳನೇ ಪುಟದಲ್ಲಿ ಗುಟ್ಟಿನ ಸೀಲು ಒತ್ತಿ, ಹಿಂಬದಿಗೆ ಡೇಟ್ ಸ್ಲಿಪ್ ಅಂಟಿಸಿ, ಇಡೀ ಪುಸ್ತಕಕ್ಕೆ ದಪ್ಪನೆಯ ಬ್ರೌನ್ ಪೇಪರ್ ಹಾಕಿ, ಬೆನ್ನಿನ ಮೇಲೆ ಕಪಾಟಿನ ಅಕ್ಷರ ಬರೆಯುವುದು ನನ್ನ ಕ್ರಮ. ಹದಿನೇಳನ್ನೂ ಒಂದೇ ಮಧ್ಯಾಹ್ನ ಮುಗಿಸಿದೆ. ಮೊದಲ ಪುಸ್ತಕದ ಮುಖಪುಟದಲ್ಲಿ ಒಣಹುಲ್ಲಿನ ಬಯಲು, ಕೆಂಪು ಸೂರ್ಯ. ಒಳಗೆ ಆಫ್ರಿಕಾ ಎಂಬ ಮಾತು ಕಣ್ಣಿಗೆ ಬಿತ್ತು. ಆಫ್ರಿಕಾ ಎಂದಮೇಲೆ ಸಿಂಹ, ಸಿಂಹ ಎಂದಮೇಲೆ ಶಿಕಾರಿ. 'ಶಿ' ಎಂದು ಬರೆದೆ. ಉಳಿದವೂ ಅದೇ ಪೆಟ್ಟಿಗೆಯಲ್ಲಿ ಬಂದಿದ್ದವಲ್ಲ, ಅವುಗಳ ಬೆನ್ನಿಗೂ 'ಶಿ' ಬರೆದುಬಿಟ್ಟೆ. ಪ್ರತಿ ಪುಸ್ತಕದ ಹಿಂದೆಯೂ ಬರೆದವರ ಫೋಟೊ ಇತ್ತು. ನೋಡದೆಯೇ ಬ್ರೌನ್ ಪೇಪರ್ ಮುಚ್ಚಿದೆ.

ಅದೇ ಸಮಯಕ್ಕೆ ಸಂಘದ ಕಮಿಟಿ ಒಂದು ನಿಯಮ ಮಾಡಿತ್ತು. ಕೋಣೆಗೆ ದೊಡ್ಡ ಟೀವಿ ಬರುವುದಿತ್ತು, ಅದಕ್ಕಾಗಿ ಒಂದು ಕಪಾಟು ಖಾಲಿಯಾಗಬೇಕಿತ್ತು. ಸೆಪ್ಟೆಂಬರಿನ ಸಭೆಯ ಹೊತ್ತಿಗೆ ಆ ವರ್ಷ ಮೂರು ಸೀಲು ಬೀಳದ ಪುಸ್ತಕಗಳೆಲ್ಲ ಗೋಣಿಚೀಲಕ್ಕೆ, ಅಲ್ಲಿಂದ ರದ್ದಿಗೆ.

ಎಪ್ರಿಲ್, ಮೇ ತಿಂಗಳಲ್ಲಿ 'ಶಿಕಾರಿ ಕಳಿಸಿ' ಎಂದ ಚೀಟಿಗಳಿಗೆಲ್ಲ ಹೊಸ ಪುಸ್ತಕ ಹೋಯಿತು. ಹಳೆಯ ಹುಲಿ ಪುಸ್ತಕಗಳನ್ನೇ ತಿರುವಿ ಹಾಕುತ್ತಿದ್ದವರಿಗೆ ಹೊಸದು ಸಿಕ್ಕಿತಲ್ಲ ಎಂದು ನನಗೂ ಖುಷಿ. ಆಮೇಲೆ ಚೀಟಿಗಳ ಧಾಟಿ ಬದಲಾಯಿತು. 'ಇದೆಂಥ ಶಿಕಾರಿ?' ಎಂದು ಬೆಳಗೋಡಿನ ಕಡೆಯಿಂದ ಒಂದು. 'ದಯವಿಟ್ಟು ಆಫ್ರಿಕಾ ಬೇಡ' ಎಂದು ಇನ್ನೊಂದು. ಅದಾದ ವಾರಕ್ಕೆ ಬಿಸಿಲೆಯ ಯಜಮಾನರು ತಾವೇ ಬಂದರು.

ಅವರು ಹಿರಿಯ ಬೆಳೆಗಾರರು. ಬೇಟೆ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಶಿಕಾರಿ ಕಪಾಟಿನ ಒಂದೊಂದು ಪುಸ್ತಕವನ್ನೂ ನಾಲ್ಕು ನಾಲ್ಕು ಸಲ ಓದಿದವರು. ಬಾಗಿಲಲ್ಲೇ ನಿಂತು ಪುಸ್ತಕ ಎತ್ತಿ ಹಿಡಿದರು.

"ಏನಮ್ಮ ಇದು? ಇನ್ನೂರು ಪುಟ ಓದಿದೀನಿ. ಒಂದು ಮೊಲಾನೂ ಸತ್ತಿಲ್ಲ ಕಣಮ್ಮ!"

ನಾನು ಪುಸ್ತಕದ ಬೆನ್ನಿನ ಮೇಲಿದ್ದ 'ಶಿ' ನೋಡಿದೆ.

"ಸತ್ತಿದ್ದು ಅಂದ್ರೆ ಆ ಕಥೆ ಹೆಂಗ್ಸಿನ ಗಂಡ ಒಬ್ನೇ. ಅದೂ ಜ್ವರ ಬಂದು. ಮೊದ್ಲನೇ ಪುಟದಲ್ಲೇ ಹೋಗ್ಬುಟ್ಟ."

"ಮತ್ತೆ ಇನ್ನೂರು ಪುಟ ಯಾಕೆ ಓದಿದ್ರಿ ಯಜಮಾನ್ರೇ?" ಎಂದೆ.

"ಸಿಂಹ ಈಗ ಬತ್ತದೆ, ಇನ್ನೊಂದು ಪುಟಕ್ಕೆ ಬತ್ತದೆ ಅಂತ ಕಾಯ್ತಾ ಕೂತಿದ್ದೆ. ಮರದ ಮೇಲೆ ಮಚಾನು ಕಟ್ಕಂಡು ಕೂತಂಗೆ." ಪುಸ್ತಕವನ್ನು ಮೇಜಿನ ಮೇಲಿಟ್ಟರು. ಹೊರಡಲಿಲ್ಲ. ದನಿ ತಗ್ಗಿಸಿ ಕೇಳಿದರು: "ಅಲ್ಲ ಕಣಮ್ಮ, ಆ ಹೆಂಗ್ಸು ಮೈದುನರ ಕೈಗೆ ಜಮೀನು ಬುಡ್ನಿಲ್ವಲ್ಲ, ಆಮೇಲೆ ಏನಾಯ್ತು? ಎರಡ್ನೇ ಭಾಗ ಐತಾ?"

ಎರಡನೇ ಭಾಗ ಇರಲಿಲ್ಲ. ಮೊದಲನೇ ಭಾಗದಲ್ಲಿ ಏನಿದೆ ಎಂದು ನನಗೂ ಗೊತ್ತಿರಲಿಲ್ಲ.

ಅವರು ಹೋದಮೇಲೆ ಸಂಘದ ಕಾರ್ಯದರ್ಶಿಯ ಬಳಿ ಹೋಗಿ, ಪೆಟ್ಟಿಗೆಯ ಜೊತೆ ಪತ್ರವೇನಾದರೂ ಬಂದಿತ್ತೇ ಎಂದು ಕೇಳಿದೆ. ಅವರು ಫೈಲು ತಡಕಾಡಿ ಒಂದು ಕಾಗದ ತೆಗೆದುಕೊಟ್ಟರು. ಎರಡೂವರೆ ತಿಂಗಳು ಅದು ರಸಗೊಬ್ಬರದ ಸುತ್ತೋಲೆಗಳ ನಡುವೆ ಮಲಗಿತ್ತು. ಮೇಡಂ ಬರೆದದ್ದು ನಾಲ್ಕೇ ಸಾಲು: ಇವೆಲ್ಲ ಕಪ್ಪು ಲೇಖಕರ, ಲೇಖಕಿಯರ ಹೊಸ ಪುಸ್ತಕಗಳು, ಆಫ್ರಿಕಾದವು, ಅಮೆರಿಕದವು, ನಡುವಿನ ದ್ವೀಪಗಳವು. ಇಲ್ಲಿಯವರು ಓದಲೇಬೇಕು ಎಂದು ಆರಿಸಿ ಕೊಡುತ್ತಿದ್ದೇನೆ. ಓದುಗರ ಕೈಗೆ ಮುಟ್ಟಿಸುವ ಭಾರ ನಿಮ್ಮದು.

ಕೋಣೆಗೆ ಬಂದು ಹದಿನೇಳು ಪುಸ್ತಕಗಳಲ್ಲಿ ಕೈಗೆ ಸಿಕ್ಕವುಗಳ ಬ್ರೌನ್ ಪೇಪರ್ ಬಿಚ್ಚಿದೆ. ಹಿಂಬದಿಯಲ್ಲಿ ಮುಖಗಳು. ಕನ್ನಡಕ ಹಾಕಿದ ವಯಸ್ಸಾದ ಹೆಂಗಸು, ಗಡ್ಡದ ತರುಣ, ತಲೆಗೆ ಹೂವಿನ ಬಟ್ಟೆ ಸುತ್ತಿ ಜೋರಾಗಿ ನಗುತ್ತಿರುವವಳು. ಇವರನ್ನೆಲ್ಲ ನಾನು ಹುಲಿ ಕರಡಿಗಳ ಜೊತೆ ನಿಲ್ಲಿಸಿದ್ದೆ. ಬಿಳಿ ಸಾಹೇಬ ಕಪಾಟಿಗೆ ಹೆಸರು ಬರೆದು ಹೋಗಿ ಅರ್ಧ ಶತಮಾನವಾಗಿತ್ತು, ಆದರೆ ಆಫ್ರಿಕಾವನ್ನು ನಾನು ನೋಡಿದ್ದು ಅವನ ಕಣ್ಣಿನಿಂದಲೇ. ನಾಚಿಕೆಯಾಯಿತು. ಬಸ್ಸಿನಲ್ಲಿ ಕೂತರೂ ಕಿವಿ ಬಿಸಿ ಆರಲಿಲ್ಲ.

ಮರುದಿನ ಕಾರ್ಯದರ್ಶಿಗೆ ವಿಷಯ ಹೇಳಿದೆ. ಅವರು ಕೆಟ್ಟವರಲ್ಲ, ತಲೆನೋವು ಬೇಡವೆನ್ನುವವರು ಅಷ್ಟೆ.

"ನೋಡಮ್ಮ, ಶಿಕಾರಿ ಕಪಾಟಲ್ಲಿ ಇದ್ದಿದ್ದಕ್ಕೇ ಒಂದೊಂದಕ್ಕೂ ಒಂದೋ ಎರಡೋ ಸೀಲು ಬಿದ್ದಿದೆ. ಅಲ್ಲೇ ಬಿಡಿ. ಇನ್ನೊಂದು ಸಲ ಹೋದ್ರೆ ಮೂರಾಗುತ್ತೆ, ಪುಸ್ತಕ ಉಳಿಯುತ್ತೆ. ತಪ್ಪಾಗಿ ಹೋದ್ರೂ ಸೀಲು ಸೀಲೇ ತಾನೆ?"

ಮಾತು ಲೆಕ್ಕಕ್ಕೆ ಸರಿಯಾಗಿತ್ತು. ಊಟದ ಡಬ್ಬಿ ಬಿಚ್ಚಿಟ್ಟುಕೊಂಡು ತುಂಬಾ ಹೊತ್ತು ಯೋಚಿಸಿದೆ. ಸುಳ್ಳು ಹೆಸರಿನಲ್ಲಿ ಉಳಿಸಿದರೆ ಪುಸ್ತಕ ಕಪಾಟಿನಲ್ಲಿ ಉಳಿಯುತ್ತದೆ, ಓದುವವರಿಗೆ ಸಿಕ್ಕುವುದಿಲ್ಲ. ಮುಂದೆಯೂ ಪ್ರತಿಯೊಬ್ಬರೂ ಸಿಂಹ ಹುಡುಕಿ, ಬೈದು, ವಾಪಸ್ ಕಳಿಸುತ್ತಾರೆ. ಮೇಡಂ ನನಗೆ ಒಪ್ಪಿಸಿದ್ದು ಅದಲ್ಲ.

ಕೆಂಪು ಪೆನ್ನು ತೆಗೆದು ಹದಿನೇಳು ಡೇಟ್ ಸ್ಲಿಪ್ಪುಗಳಲ್ಲೂ ಅದುವರೆಗಿನ ಸೀಲಿನ ಕೆಳಗೆ ಗೆರೆ ಎಳೆದೆ. ಗೆರೆಯ ಮೇಲಿನದು ನನ್ನ ತಪ್ಪಿನ ಲೆಕ್ಕ, ಅದು ಬೇಡ. ಗೆರೆಯ ಕೆಳಗೆ ಹೊಸದಾಗಿ ಮೂರು ಸೀಲು ಬೀಳಬೇಕು. ಆಗ ಜೂನ್ ಮೊದಲ ವಾರ, ಉಳಿದಿದ್ದದ್ದು ಮೂರು ತಿಂಗಳು ಚಿಲ್ಲರೆ. ಕಾರ್ಯದರ್ಶಿ ಸ್ಲಿಪ್ಪು ನೋಡಿ, "ನಿಮಗೆ ಬೇರೆ ಕೆಲಸ ಇಲ್ವೇನಮ್ಮ?" ಎಂದು ನಕ್ಕರು. ಆ ನಗೆ ನನಗೆ ಚುಚ್ಚಿತು, ಒಳ್ಳೆಯದೇ ಆಯಿತು. ಛಲ ಹತ್ತಿತು.

ಆದರೆ ಏನೆಂದು ಹೇಳಿ ಕಳಿಸುವುದು? ಬೇಳೆ ಯಾವುದೆಂದು ಗೊತ್ತಿಲ್ಲದೆ ಕಟ್ಟಿ ಕೊಡುವ ಕೆಲಸ ಸಾಕಾಗಿತ್ತು. ಮೊದಲು ನಾನು ಓದಬೇಕು. ನನ್ನ ಇಂಗ್ಲಿಷ್ ಅಷ್ಟರಲ್ಲೇ ಇತ್ತು, ಕ್ಯಾಟಲಾಗ್ ಮಾಡುವುದಕ್ಕೆ ಸಾಕು, ಕಾದಂಬರಿಗೆ ಸಾಲದು. ಬಸ್ಸಿನಲ್ಲಿ ಓದಿದೆ, ಮಧ್ಯಾಹ್ನ ಓದಿದೆ, ಮಳೆಗೆ ಜೀಪು ಬಾರದ ದಿನಗಳಲ್ಲಿ ಇಡೀ ದಿನ ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದೆ. ಮೊದಲ ಪುಸ್ತಕಕ್ಕೆ ಹತ್ತು ದಿನ ಹಿಡಿಯಿತು. ನಾಲ್ಕನೆಯದರ ಹೊತ್ತಿಗೆ ಡಿಕ್ಷನರಿ ಮುಟ್ಟುವುದು ಕಡಿಮೆಯಾಯಿತು. ಆಮೇಲೆ ವಾರಕ್ಕೆ ಎರಡು.

ಮೈದುನರಿಗೆ ಜಮೀನು ಬಿಡದವಳ ಕಥೆ ಒಂದು. ದೊಡ್ಡ ಊರಿನ ಬೀದಿಯಲ್ಲಿ ಜಡೆ ಹೆಣೆಯುವ ಅಂಗಡಿ ಇಟ್ಟ ಮೂವರು ಅಕ್ಕತಂಗಿಯರ ಕಥೆ ಇನ್ನೊಂದು, ಅದರಲ್ಲಿ ಜಡೆ ಹಾಕಿಸಿಕೊಳ್ಳಲು ಕೂತವರೆಲ್ಲ ಮನೆಯ ಗುಟ್ಟು ಬಿಡುತ್ತಾರೆ. ಕಬ್ಬಿನ ತೋಟದ ದ್ವೀಪದಲ್ಲಿ ಹುಟ್ಟಿದವಳು ತನ್ನ ಅಜ್ಜಿಯ ಬದುಕನ್ನು ಹುಡುಕುತ್ತಾ ಹೋಗುವುದು ಮತ್ತೊಂದು. ಒಂದು ಸಣ್ಣೂರಿನ ಪೋಸ್ಟ್ ಆಫೀಸಿನ ಕಥೆಗೆ ಬಸ್ಸಿನಲ್ಲಿ ನಾನು ಎಷ್ಟು ನಕ್ಕೆನೆಂದರೆ ಕಂಡಕ್ಟರು, "ಯಾಕ್ರೀ ಅಕ್ಕಾ, ಏನಾಯ್ತು?" ಎಂದು ಕೇಳಿದ.

ಒಂದೊಂದು ಮುಗಿದಂತೆ ಒಂದು ಚೀಟಿ ಬರೆದೆ. ಇದು ನಮ್ಮಲ್ಲಿ ಇಲ್ಲದ ಪದ್ಧತಿ. ಚೀಟಿ ಎಂದರೆ ಎಸ್ಟೇಟಿನಿಂದ ಬರುವುದು, ಲೈಬ್ರರಿಯಿಂದ ಹೋಗುವುದಲ್ಲ. ಹಳೆಯ ಚೀಟಿಗಳನ್ನೆಲ್ಲ ದಾರಕ್ಕೆ ಪೋಣಿಸಿ ಇಟ್ಟಿದ್ದೆ, ಅವುಗಳ ಹಿಂಬದಿ ಖಾಲಿ ಬಿದ್ದಿತ್ತು. ಅದರಲ್ಲೇ ಬರೆದೆ, ಕನ್ನಡದಲ್ಲಿ. ಎಲ್ಲ ಚೀಟಿಗಳ ಮೊದಲ ಸಾಲು ಒಂದೇ: 'ಇದರಲ್ಲಿ ಸಿಂಹ ಇಲ್ಲ.' ಎರಡನೇ ಸಾಲಿನಿಂದ ಏನಿದೆ ಎಂಬುದು. ಯಾರು ಬರೆದದ್ದು, ಎಲ್ಲಿಯವರು, ಯಾರ ಬದುಕು, ನನಗೆ ಯಾಕೆ ಹಿಡಿಸಿತು, ಎಲ್ಲಿ ಬೇಸರವಾಯಿತು. ಬ್ರೌನ್ ಪೇಪರ್ ಬದಲು ಪಾರದರ್ಶಕ ಪ್ಲಾಸ್ಟಿಕ್ ತರಿಸಿ ಹೊದಿಸಿದೆ, ಮುಖ ಕಾಣಲಿ ಎಂದು. ಡಿಟೆಕ್ಟಿವ್ ಕೇಳಿದವರ ಚೀಲಕ್ಕೂ ಅವರು ಕೇಳಿದ್ದರ ಮೇಲೆ ಇದೊಂದನ್ನು ಸೇರಿಸಿ, ಬೇಡವೆಂದರೆ ಹಾಗೇ ಹಿಂದಿರುಗಿಸಿ, ಸೀಲು ಹಾಕುವುದಿಲ್ಲ ಎಂದು ತಿಳಿಸಿದೆ.

ಮೊದಲ ಮೂರು ವಾರ ಎಲ್ಲವೂ ಹಾಗೇ ವಾಪಸು ಬಂದವು. ಒಬ್ಬರು ನನ್ನ ಚೀಟಿಯ ಕೆಳಗೇ, 'ಕೇಳಿದ್ದನ್ನು ಮಾತ್ರ ಕಳಿಸಿ' ಎಂದು ಬರೆದು ಎರಡು ಗೆರೆ ಎಳೆದಿದ್ದರು. ಜುಲೈ ತಿಂಗಳಲ್ಲಿ ಮಳೆ ಹಿಡಿದು ಕೂತಿತು. ಘಾಟಿಯಲ್ಲಿ ಗುಡ್ಡ ಕುಸಿದು ಮಾರನಹಳ್ಳಿ ಆಚೆಯ ಎಸ್ಟೇಟಿನ ಜೀಪು ಎರಡು ವಾರ ಬರಲಿಲ್ಲ. ಅದರ ಚೀಲದಲ್ಲಿ ನನ್ನ ಹದಿನೇಳರಲ್ಲಿ ಮೂರಿದ್ದವು. ಕೆಂಪು ಗೆರೆಯ ಕೆಳಗೆ ಬಿದ್ದಿದ್ದ ಸೀಲು ಒಟ್ಟು ನಾಲ್ಕು. ಗೆರೆ ಎಳೆದ ನನ್ನ ಕೈಯನ್ನು ನಾನೇ ಬೈದುಕೊಂಡೆ.

ಮೂರನೇ ವಾರ ಆ ಎಸ್ಟೇಟಿನ ರೈಟರ್ ಬಂದರು. ರೈಟರ್ ಎಂದರೆ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಹಿಡಿದು, ಸಂಜೆ ಅವರು ಕೊಯ್ದ ಕಾಫಿ ಹಣ್ಣಿನ ತೂಕ ಬರೆಯುವವರು. ಮಳೆಗೆ ಹೊದ್ದ ಕಂಬಳಿ ಕೊಪ್ಪೆಯೊಳಗಿಂದ ಮೂರು ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಅಂಚು ಕಂದಾಗಿತ್ತು, ಹೊಗೆಯ ವಾಸನೆ.

"ತಪ್ಪು ತಿಳ್ಕಬ್ಯಾಡಿ ಮೇಡಮ್ಮೋರೆ. ಹೊಳೆ ದಾಟೋವಾಗ ಚೀಲ ನೆನ್ದು ಹೋಗ್ಬುಡ್ತು. ಒಲೆ ಮೇಲಿನ ಅಟ್ಟದಲ್ಲಿಟ್ಟು ಒಣಗಿಸ್ದೆ. ಒಣಗೋವರ್ಗೂ ಒಂದೊಂದ್ ಹಾಳೆ ತಿರುವಿ ಹಾಕ್ಬೇಕಲ್ರೀ, ಹಂಗೇ ಓದ್ಬುಟ್ಟೆ."

"ಮೂರನ್ನೂ?"

"ಎರಡು ಪೂರ್ತಿ. ಕಬ್ಬಿನ ತೋಟದ್ದು ಎರಡು ಸಲ." ಅವರು ಪಿಯುಸಿ ಓದಿದವರೆಂದು ಆಗಲೇ ನನಗೆ ಗೊತ್ತಾದದ್ದು. ಕುರ್ಚಿ ತೋರಿಸಿದರೂ ಕೂರಲಿಲ್ಲ. "ಅದ್ರಲ್ಲಿ ಸಂಜೆ ಹೊತ್ತು ಕಬ್ಬಿನ ಹೊರೆ ಎಣಿಸೋನು ಒಬ್ಬ ಬತ್ತಾನಲ್ಲ. ಒದ್ದೆ ಐತೆ ಅಂತ ಹತ್ತಕ್ಕೊಂದು ಹೊರೆ ಮುರ್ಕಂತಾನೆ. ಆ ಅಜ್ಜಿ ಏನೂ ಮಾತಾಡಲ್ಲ, ಸುಮ್ನೆ ಅವನ್ ಕೈ ನೋಡ್ತಾಳೆ. ಅಲ್ಲಿ ಕಬ್ಬು, ಇಲ್ಲಿ ಕಾಫಿ. ಆ ಎಣಿಸೋನು ನಾನೇ ಕಣ್ರೀ."

ಹೊರಗೆ ಜೀಪಿನವನು ಹಾರನ್ ಹೊಡೆಯುತ್ತಿದ್ದ. ಅವರು ಕೊಪ್ಪೆ ಸರಿಮಾಡಿಕೊಂಡರು.

"ಈ ಸಲ ಕೊಯ್ಲಲ್ಲಿ ನೋಡನ. ಗೋಣಿ ತೂಕ ಮಾತ್ರ ಕಳೀತೀನಿ, ಅದರ್ ಮ್ಯಾಲೆ ಒಂದ್ ಕೇಜಿನೂ ಮುರ್ಕಳಲ್ಲ," ಎಂದು ಹೊರಟವರು ಬಾಗಿಲಲ್ಲಿ ತಿರುಗಿ, "ಸೀಲು ಹಾಕ್ಬಹುದಾ ಇದಕ್ಕೆ? ಸಾಹೇಬ್ರು ಮುಟ್ನಿಲ್ಲ, ಓದಿದ್ದು ನಾನು," ಎಂದರು.

ನಿಯಮದ ಪುಸ್ತಕ ತೆಗೆದು ಇಬ್ಬರೂ ನೋಡಿದೆವು. 'ಸದಸ್ಯರ ಎಸ್ಟೇಟಿಗೆ ನೀಡಿದ ಪುಸ್ತಕ' ಎಂದಿತ್ತು. ಓದುವವರು ಯಾರಿರಬೇಕೆಂದು ಎಲ್ಲೂ ಇರಲಿಲ್ಲ. ಎರಡು ಸೀಲು ಒತ್ತಿದೆ. ಅರ್ಧ ಓದಿದ ಮೂರನೆಯದನ್ನು ಅವರು ವಾಪಸ್ ತೆಗೆದುಕೊಂಡು ಹೋದರು.

ಆ ದಿನ ನನಗೊಂದು ವಿಷಯ ಹೊಳೆಯಿತು. ನಾನು ಇಷ್ಟು ದಿನ ಚೀಟಿಗೆ ಸಹಿ ಹಾಕುವ ಯಜಮಾನರಿಗಾಗಿ ಬರೆಯುತ್ತಿದ್ದೆ. ಚೀಲ ಹೊತ್ತು ತರುವವರೂ ಇದ್ದರು, ಆ ಮನೆಗಳಲ್ಲಿ ಚೀಲ ಬಿಚ್ಚುವವರೂ ಇದ್ದರು. ಮುಂದಿನ ವಾರದಿಂದ ಚೀಟಿಯ ಕೊನೆಗೆ ಒಂದು ಸಾಲು ಸೇರಿಸಿದೆ: 'ಮನೆಯಲ್ಲಿ, ಎಸ್ಟೇಟಿನಲ್ಲಿ ಯಾರು ಬೇಕಾದರೂ ಓದಬಹುದು. ಓದಿದವರು ಎರಡು ಮಾತು ಬರೆಯಿರಿ.'

ಆಗಸ್ಟಿನಲ್ಲಿ ಬೇರೆ ಕೈಬರಹದ ಚೀಟಿಗಳು ಬರತೊಡಗಿದವು. ಬೆಳಗೋಡಿನ ಕಡೆಯ ಎಸ್ಟೇಟಿನ ಮನೆಯೊಡತಿ ಕನ್ನಡದಲ್ಲಿ ಬರೆದಿದ್ದರು: 'ಯಜಮಾನರಿಗೆ ಡಿಟೆಕ್ಟಿವ್ ಒಂದು. ನನಗೆ ಸಿಂಹ ಇಲ್ಲದ್ದು ಎರಡು.' ಆ ಚೀಟಿಯನ್ನು ನಾನು ಎಷ್ಟು ಸಲ ಓದಿದೆನೋ. ಎಸ್ಟೇಟ್ ಶಾಲೆಯ ಮೇಷ್ಟ್ರೊಬ್ಬರು ಪೋಸ್ಟ್ ಆಫೀಸಿನ ಕಥೆಯನ್ನು ಊರಿನ ಪೋಸ್ಟ್‌ಮ್ಯಾನ್‌ಗೆ ಕನ್ನಡದಲ್ಲಿ ಹೇಳಿ ನಗಿಸಿದ್ದನ್ನು ಬರೆದರು. ಜಡೆ ಹೆಣೆಯುವವರ ಪುಸ್ತಕ ಒಂದು ಮನೆಯಿಂದ ವಾಪಸೇ ಬರಲಿಲ್ಲ. ಎರಡು ಸಲ ಹೇಳಿಕಳಿಸಿದೆ. 'ಸೊಸೆ ಕೊಡಲ್ಲ ಅಂತಾಳೆ, ಏನು ಮಾಡಲಿ' ಎಂದು ಅತ್ತೆಯೇ ಬರೆದರು. ಲೈಬ್ರರಿಯವಳಾಗಿ ನಾನು ಸಿಟ್ಟಾಗಬೇಕಿತ್ತು. ಆಗಲಿಲ್ಲ, ಮನಸ್ಸು ತುಂಬಿ ಬಂತು. ರಿಜಿಸ್ಟರಿನಲ್ಲಿ 'ಓದುಗರ ಬಳಿ' ಎಂದು ಬರೆದುಕೊಂಡೆ.

ಸೆಪ್ಟೆಂಬರಿನ ಸಭೆಗೆ ಸದಸ್ಯರೆಲ್ಲ ಬಂದಿದ್ದರು. ಕಾರ್ಯದರ್ಶಿ ತೆಗೆದುಹಾಕುವ ಪುಸ್ತಕಗಳ ಪಟ್ಟಿ ಓದಿದರು. ಯುದ್ಧದ ಕಪಾಟಿನಿಂದ ಒಂದು ರಾಶಿ, ಪ್ರಣಯದಿಂದ ಒಂದಷ್ಟು. ಆಮೇಲೆ ನನ್ನ ಹದಿನೇಳು. ಒಂದೊಂದನ್ನೇ ಎತ್ತಿ, ಕೆಂಪು ಗೆರೆಯ ಕೆಳಗಿನ ಸೀಲು ಎಣಿಸಿ ಹೇಳಿದೆ. ನಾಲ್ಕು, ಮೂರು, ಆರು, ಮೂರು. ಕಬ್ಬಿನ ತೋಟದ ಪುಸ್ತಕಕ್ಕೆ ಏಳು. ಹದಿನೈದು ಉಳಿದವು, ಒಂದು ಸೊಸೆಯ ಬಳಿ ಇತ್ತು. ಕೊನೆಯದೊಂದು ಕವಿತೆಗಳ ಪುಸ್ತಕ. ಅದಕ್ಕೆ ಗೆರೆಯ ಕೆಳಗೆ ಎರಡೇ ಸೀಲು.

ಕಾರ್ಯದರ್ಶಿ ನನ್ನ ಕಡೆ ಬಾಗಿದರು. "ಗೆರೆ ಮೇಲೊಂದು ಇದೆಯಲ್ಲಮ್ಮ, ಸೇರಿಸಿಬಿಡಿ. ಯಾರು ಕೇಳ್ತಾರೆ?"

ಈ ಸಲ ಅವರು ನಿಜಕ್ಕೂ ನನ್ನ ಪರವಾಗಿಯೇ ಹೇಳಿದ್ದರು. ಆ ಪುಸ್ತಕ ನನಗೆ ಬೇಕಿತ್ತು ಕೂಡ. ಆದರೂ ತಲೆಯಾಡಿಸಿದೆ. "ಅದು ಶಿಕಾರಿ ಅಂತ ಹೋಗಿದ್ದು ಸಾರ್. ಎರಡೇ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಪುಸ್ತಕವನ್ನು ಗೋಣಿಚೀಲದ ಪಕ್ಕಕ್ಕಿಟ್ಟೆ.

ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಬಿಸಿಲೆಯ ಯಜಮಾನರು ಕೋಲೂರಿಕೊಂಡು ಮುಂದೆ ಬಂದರು. ಪುಸ್ತಕ ಎತ್ತಿಕೊಂಡು, ಅದರೊಳಗಿದ್ದ ನನ್ನ ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು, ಸಭೆಗೆಲ್ಲ ಕೇಳುವಂತೆ ಓದಿದರು.

"'ಇದರಲ್ಲಿ ಸಿಂಹ ಇಲ್ಲ. ಇದು ಕವಿತೆ. ಅರ್ಧ ನನಗೆ ಅರ್ಥವಾಗಲಿಲ್ಲ. ಅರ್ಥವಾದ ಅರ್ಧವನ್ನು ಮೂರು ಸಲ ಓದಿದೆ.'" ಚೀಟಿ ಮಡಿಸಿ ಜೇಬಿಗಿಟ್ಟುಕೊಂಡರು. "ಸಭೆ ಇನ್ನೂ ಮುಗಿದಿಲ್ಲ ತಾನೆ?"

"ಇಲ್ಲ," ಎಂದರು ಕಾರ್ಯದರ್ಶಿ.

"ಮತ್ತೇನು ನೋಡ್ತಿದೀಯಮ್ಮ, ಸೀಲು ಎಲ್ಲಿ?"

ಸೀಲು ನನ್ನ ಚೀಲದಲ್ಲೇ ಇತ್ತು. ಇಂಕಿನ ಡಬ್ಬಿ ತೆರೆದು, ಕೆಂಪು ಗೆರೆಯ ಕೆಳಗೆ, ಎರಡನೆಯದರ ಪಕ್ಕಕ್ಕೆ, ನೇರವಾಗಿ ಒತ್ತಿದೆ.